ಎಣ್ಣೆ ಎಂಜಿನ್ನು ನಮ್ಮ ಸೀಮೆಗೆ ಬಂದ ಕಥೆ



ಮುರಗೋಡ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಯಾವುದಾದರೂ ಊರಿಗೆ ಹೋಗಿ ಹಿರಿಯರನ್ನು ಕೇಳಿರಿ: "ಅಜ್ಜಾ, ನಿಮ್ಮ ಕಾಲಕ್ಕ ಬಾವಿ ನೀರು ಹೆಂಗ ಮ್ಯಾಲ ಬರತಿತ್ತು?" ಅವರು ನಕ್ಕು ಹೇಳುತ್ತಾರೆ: "ಹೆಂಗ ಬರತಿತ್ತು? ಎತ್ತು ಜಗ್ಗತಿದ್ದವು, ನಾವು ಹಗ್ಗದ ಮ್ಯಾಲ ಕುಂಡ್ರತಿದ್ದಿವಿ."

ಅದು ಕಪಲಿಯ ಕಾಲ. ತೊಗಲಿನ ಚೀಲ ಬಾವಿಯಲ್ಲಿ ಮುಳುಗಬೇಕು, ಎತ್ತುಗಳು ಇಳಿಜಾರಿನಲ್ಲಿ ಇಳಿಯಬೇಕು, ಚೀಲ ಮೇಲೆ ಬಂದು ಕಾಲುವೆಗೆ ನೀರು ಚೆಲ್ಲಬೇಕು, ಮತ್ತೆ ಎತ್ತುಗಳು ಹಿಂದಕ್ಕೆ ಏರಬೇಕು. ಬೆಳ್ಳಿ ಚುಕ್ಕಿ ಮೂಡುವ ಹೊತ್ತಿಗೆ ಕಪಲಿ ಹೂಡಿದರೆ ಬಿಸಿಲೇರುವವರೆಗೆ ಒಂದಿಷ್ಟು ಮಡಿ ನೆನೆಯುತ್ತಿದ್ದವು. ಎತ್ತಿಗೂ ದಣಿವು, ಹೊಡೆಯುವವನಿಗೂ ದಣಿವು.

ಆಮೇಲೆ ಬಾವಿಯ ದಂಡೆಯ ಮೇಲೆ ಡುಗು ಡುಗು ಸಪ್ಪಳ ಕೇಳಿಸತೊಡಗಿತು. ಎಣ್ಣೆ ಎಂಜಿನ್ನು ಬಂದಿತು. ಈ ದಿನ ಆ ಎಂಜಿನ್ನಿನ ಕಥೆಯನ್ನು ಹೇಳಬೇಕೆಂದಿದ್ದೇನೆ. ಅದು ಎಲ್ಲಿ ಹುಟ್ಟಿತು, ನಮ್ಮ ಕಡೆಗೆ ಹೇಗೆ ಬಂತು, ಅದರ ಹೊಟ್ಟೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ನೋಡೋಣ. ಇದನ್ನು ಯಾಕೆ ತಿಳಿಯಬೇಕೆಂದರೆ, ತಿಳಿಯದೆ ಹೋದದ್ದಕ್ಕೆ ನಮ್ಮ ಮನೆತನದಲ್ಲೇ ಒಂದು ಎತ್ತನ್ನು ಕಳೆದುಕೊಂಡಿದ್ದೇವೆ.

ನಾನು ಹುಡುಗನಾಗಿದ್ದಾಗ ನಮ್ಮ ಕಾಕಾನ ಬಾವಿಯ ಮೇಲೆ 5 ಅಶ್ವಶಕ್ತಿಯ ಒಂದು ಎಂಜಿನ್ನು ಇತ್ತು. ಮೊದಲೆರಡು ವರ್ಷ ಚೆನ್ನಾಗಿ ನಡೆಯಿತು. ಬರಬರುತ್ತ ಕರಿ ಹೊಗೆ ಕಾರತೊಡಗಿತು. ಮುಂಜಾನೆ ಹ್ಯಾಂಡಲ್ ಹೊಡೆದು ಹೊಡೆದು ಇಬ್ಬರು ಆಳು ಬೆವೆತರೂ ಹತ್ತುತ್ತಿರಲಿಲ್ಲ. ಎಣ್ಣೆ ಹೆಚ್ಚು ಕುಡಿಯಿತು, ನೀರು ಕಡಿಮೆ ಎತ್ತಿತು. ಮನೆಯವರು, "ಮಷೀನಿಗೆ ಯಾರದೋ ದೃಷ್ಟಿ ಆಗೇತಿ" ಎಂದು ಲಿಂಬಿಹಣ್ಣು, ಮೆಣಸಿನಕಾಯಿ ಕಟ್ಟಿದರು. ನಡು ಬೇಸಿಗೆಯಲ್ಲಿ, ಕಬ್ಬು ನೀರಿಗೆ ಬಾಯಿ ಬಿಡುವ ಹೊತ್ತಿನಲ್ಲಿ ಅದು ಪೂರ್ತಿ ನಿಂತೇ ಬಿಟ್ಟಿತು. ಮಿಸ್ತ್ರಿ ಬಂದು ಬಿಚ್ಚಿದ. ಗಾಳಿ ಸೋಸುವ ಡಬ್ಬಿಯ ತಳದಲ್ಲಿ ಎಣ್ಣೆ ಇರಬೇಕಾದಲ್ಲಿ ಒಣಗಿದ ಎರಿ ಮಣ್ಣು ಇತ್ತು. ಒಳಗಿನ ಲೈನರ್ ಸವೆದು ಹೋಗಿತ್ತು. ಮಿಸ್ತ್ರಿ ಹೇಳಿದ: "ಯಜಮಾನ್ರ, ಇದಕ್ಕ ದೃಷ್ಟಿ ಆಗಿಲ್ರಿ. ಇದು ಮಣ್ಣು ತಿಂದೈತಿ." ದುರಸ್ತಿಯ ಖರ್ಚಿಗೆ ಕಾಕಾ ಜೋಡಿಯೊಳಗಿನ ಒಂದು ಎತ್ತನ್ನು ಸಂತೆಗೆ ಹೊಡೆದ. ಆ ವರ್ಷದ ಕಬ್ಬು ಅರ್ಧಕ್ಕರ್ಧ ಒಣಗಿತು.

ಈ ಮಾತು ಮನಸ್ಸಿನಲ್ಲಿರಲಿ. ಈಗ ಕಥೆಗೆ ಬರೋಣ.

ಎಂಜಿನ್ನು ಎಂದರೆ ಬೆಂಕಿಯ ಕಾವನ್ನು ದುಡಿಮೆಯಾಗಿ ಮಾಡುವ ಯಂತ್ರ. ಜಗತ್ತಿನಲ್ಲಿ ಇದು ಮೊದಲು ಹಿಡಿದ ದೊಡ್ಡ ಕೆಲಸ ಯಾವುದು ಗೊತ್ತೇನು? ನೀರೆತ್ತುವುದೇ! 1712ರಲ್ಲಿ ಇಂಗ್ಲೆಂಡದ ಥಾಮಸ್ ನ್ಯೂಕಮೆನ್ ಎಂಬಾತ ಉಗಿಯಿಂದ ನಡೆಯುವ ಯಂತ್ರವನ್ನು ಕಲ್ಲಿದ್ದಲ ಗಣಿಯ ನೀರೆತ್ತಲು ನಿಲ್ಲಿಸಿದ. ಜೇಮ್ಸ್ ವಾಟ್ ಅದನ್ನು ಸುಧಾರಿಸಿ 1769ರಲ್ಲಿ ಸನ್ನದು ಪಡೆದ. ಅಲ್ಲಿಯವರೆಗೆ ಕುದುರೆ ಕಟ್ಟಿ ಕೆಲಸ ತೆಗೆಯುತ್ತಿದ್ದ ಮಂದಿ, "ನಿನ್ನ ಯಂತ್ರ ಎಷ್ಟು ಕುದುರೆಗೆ ಸಮ?" ಎಂದು ಕೇಳುವವರೇ. ಅದಕ್ಕಾಗಿ ವಾಟ್ ಒಂದು ಲೆಕ್ಕ ಕಟ್ಟಿದ. ಇದೇ ಅಶ್ವಶಕ್ತಿ, ನಮ್ಮ ಬಾಯಲ್ಲಿ ಎಚ್.ಪಿ. ಒಂದು ನಿಮಿಷದಲ್ಲಿ ಸುಮಾರು 4,500 ಕಿಲೋ ಭಾರವನ್ನು ಒಂದು ಮೀಟರ್ ಮೇಲಕ್ಕೆ ಎತ್ತಿದರೆ ಅದು ಒಂದು ಅಶ್ವಶಕ್ತಿ. ಹಾಗಾದರೆ 10 ಮೀಟರ್ ಆಳದ ಬಾವಿಯಿಂದ 5 ಅಶ್ವಶಕ್ತಿಯ ಎಂಜಿನ್ನು ನಿಮಿಷಕ್ಕೆ 2,250 ಲೀಟರ್ ಎತ್ತಬೇಕು. ಪಂಪು, ಪಟ್ಟಾ, ಪೈಪುಗಳಲ್ಲಿ ಸೋರಿ ಹೋಗುವ ಶಕ್ತಿಯನ್ನು ಕಳೆದರೆ ಅರ್ಧದಷ್ಟಾದರೂ ಕೈಗೆ ಸಿಗುತ್ತದೆ. ಒಂದು ಒಳ್ಳೆಯ ಎತ್ತಿನ ಜೋಡಿ ಹೆಚ್ಚು ಕಡಿಮೆ ಒಂದು ಅಶ್ವಶಕ್ತಿ ಕೊಟ್ಟೀತು. ವಾಟ್ ನಮ್ಮ ಕಡೆ ಹುಟ್ಟಿದ್ದರೆ ಇದಕ್ಕೆ ಎತ್ತಿನಶಕ್ತಿ ಎಂದೇ ಹೆಸರಿಡುತ್ತಿದ್ದನೋ ಏನೋ!

ಉಗಿಯಂತ್ರದಲ್ಲಿ ಬೆಂಕಿ ಹೊರಗೆ, ಕೆಲಸ ಒಳಗೆ. ಕೊಪ್ಪರಿಗೆ, ನೀರು, ಕಲ್ಲಿದ್ದಲು ಎಲ್ಲ ಬೇಕು. ರೈಲಿಗೆ, ಗಿರಣಿಗೆ ಅದು ಸರಿ. ಒಬ್ಬ ರೈತನ ಬಾವಿಗೆ ಅದನ್ನು ತರುವುದು ಆಗದ ಮಾತು. ಬೆಂಕಿಯನ್ನು ಯಂತ್ರದ ಹೊಟ್ಟೆಯೊಳಗೇ ಹಚ್ಚಿದರೆ ಹೇಗೆ ಎಂದು ಹಲವರು ಹೆಣಗಿದರು. 1876ರಲ್ಲಿ ಜರ್ಮನಿಯ ನಿಕೋಲಸ್ ಆಟೊ ಎಂಬಾತ ನಾಲ್ಕು ಹೊಡೆತದ ಎಂಜಿನ್ನನ್ನು ನಡೆಸಿ ತೋರಿಸಿದ. ಇಂದಿಗೂ ನಮ್ಮ ಕಾರು, ಬಸ್ಸು, ಟ್ರ್ಯಾಕ್ಟರಿನ ಎಂಜಿನ್ನುಗಳು ಇದೇ ಕ್ರಮದಲ್ಲಿ ನಡೆಯುತ್ತವೆ. 1886ರಲ್ಲಿ ಕಾರ್ಲ್ ಬೆಂಝ್ ಅಂಥ ಎಂಜಿನ್ನನ್ನು ಮೂರು ಗಾಲಿಯ ಬಂಡಿಗೆ ಕೂಡಿಸಿ ಮೋಟಾರು ಗಾಡಿಗೆ ಸನ್ನದು ಪಡೆದ.

ಆದರೆ ಜನ ಅದನ್ನು ನಂಬಲಿಲ್ಲ. ನಂಬಿಸಿದವಳು ಅವನ ಹೆಂಡತಿ ಬರ್ಥಾ. 1888ರ ಆಗಸ್ಟಿನಲ್ಲಿ ಆಕೆ ಇಬ್ಬರು ಮಕ್ಕಳನ್ನು ಕರೆದುಕೊಂಡು, ಗಂಡನಿಗೆ ಹೇಳದೆ, ಮ್ಯಾನ್‌ಹೈಮ್ ಊರಿನಿಂದ ನೂರು ಕಿಲೋಮೀಟರಿಗೂ ಮಿಕ್ಕಿದ ದೂರದ ತವರಿಗೆ ಆ ಗಾಡಿಯನ್ನು ನಡೆಸಿಕೊಂಡು ಹೋದಳು. ದಾರಿಯಲ್ಲಿ ಎಣ್ಣೆಯ ನಳಿಗೆ ಕಟ್ಟಿತು. ಟೊಪ್ಪಿಗೆಯ ಪಿನ್ನಿನಿಂದ ಅದನ್ನು ಬಿಡಿಸಿಕೊಂಡಳು. ಎಣ್ಣೆ ತೀರಿತು, ಔಷಧದ ಅಂಗಡಿಯಲ್ಲಿ ಕೊಂಡಳು. ಬ್ರೇಕಿನ ಕಟ್ಟಿಗೆ ಸವೆಯಿತು, ಊರಿನ ಚರ್ಮದ ಕೆಲಸದವನಿಂದ ಅದಕ್ಕೆ ತೊಗಲು ಹೊಡೆಸಿದಳು. ಏರು ಬಂದಲ್ಲಿ ಗಾಡಿ ಹತ್ತಲಿಲ್ಲ, ಇಳಿದು ನೂಕಿದರು. ಯಂತ್ರ ಹೇಗೆ ನಡೆಯುತ್ತದೆಂಬುದು ಗೊತ್ತಿದ್ದ ಕಾರಣ ಒಂದೊಂದು ತೊಡಕಿಗೂ ಆಕೆಗೆ ಒಂದೊಂದು ಉಪಾಯ ಹೊಳೆಯಿತು. ಕೈ ಕಟ್ಟಿ ಕೂಡ್ರಲಿಲ್ಲ ನೋಡ್ರಿ!

ಬೆಂಝನ ಗಾಡಿಗೆ ಬೇಕಾದದ್ದು ಪೆಟ್ರೋಲಿನಂಥ ಹಗುರ ಎಣ್ಣೆ, ಮೇಲೆ ಬೆಂಕಿಯ ಕಿಡಿ. ಕಿಡಿಯೇ ಬೇಡ ಎಂದವನು ರುಡಾಲ್ಫ್ ಡೀಸೆಲ್. ಇವನ ಯುಕ್ತಿ ತಿಳಿಯಬೇಕಾದರೆ ಸೈಕಲ್ಲಿಗೆ ಗಾಳಿ ಹೊಡೆದು ನೋಡಿರಿ. ಹತ್ತಿಪ್ಪತ್ತು ಸಲ ಹೊಡೆದ ಮೇಲೆ ಪಂಪಿನ ತಳ ಮುಟ್ಟಿದರೆ ಕೈ ಚುರ್ ಎನ್ನುತ್ತದೆ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಬಹಳ ಒತ್ತಿದರೆ ಬಹಳ ಕಾಯುತ್ತದೆ. ಹಾಗೆ ಕಾದ ಗಾಳಿಯಲ್ಲಿ ಎಣ್ಣೆ ಸಿಂಪಡಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಇಷ್ಟೇ ಗುಟ್ಟು. 1893ರಲ್ಲಿ ಡೀಸೆಲ್ ಇದಕ್ಕೆ ಸನ್ನದು ಪಡೆದ. ನಾಲ್ಕು ವರ್ಷ ಒದ್ದಾಡಿ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗದಲ್ಲಿ ಚೆನ್ನಾಗಿ ನಡೆಯುವ ಎಂಜಿನ್ನು ನಿಲ್ಲಿಸಿದ. ಎಣ್ಣೆಯ ಕಾವಿನಲ್ಲಿ ನಾಲ್ಕರಲ್ಲಿ ಒಂದು ಪಾಲನ್ನು ಅದು ದುಡಿಮೆಯಾಗಿ ಕೊಟ್ಟಿತು. ಆ ಕಾಲಕ್ಕೆ ಇದು ಅದ್ಭುತವೇ.

ಇನ್ನೊಂದು ಸಂಗತಿ ನಮ್ಮ ರೈತರಿಗೆ ಸೇರುವಂಥಾದ್ದು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಚಿಕ್ಕ ಡೀಸೆಲ್ ಎಂಜಿನ್ನನ್ನು ಶೇಂಗಾ ಎಣ್ಣೆಯ ಮೇಲೆ ನಡೆಸಿ ತೋರಿಸಿದರು. ಅದು ಎಷ್ಟು ಸಲೀಸಾಗಿ ನಡೆಯಿತೆಂದರೆ ನೋಡಿದವರಲ್ಲಿ ಬಹಳ ಮಂದಿಗೆ ಎಣ್ಣೆ ಬೇರೆ ಎಂಬುದು ಗೊತ್ತೇ ಆಗಲಿಲ್ಲ. ಹೊಲದಲ್ಲಿ ಬೆಳೆದ ಎಣ್ಣೆ ಮುಂದೊಂದು ದಿನ ಯಂತ್ರಕ್ಕೆ ಬೇಕಾದೀತು ಎಂದು ಡೀಸೆಲ್ 1912ರಲ್ಲಿ ಬರೆದ. ಮರುವರ್ಷ, 1913ರಲ್ಲಿ, ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುತ್ತಿರುವಾಗ ಸಮುದ್ರದ ಪಾಲಾದ.

ಇರಲಿ. ಈಗ ಜರ್ಮನಿಯನ್ನು ಬಿಟ್ಟು ನಮ್ಮ ಸೀಮೆಗೆ ಬರೋಣ. ಸವದತ್ತಿ ಸೀಮೆಯ ಗುರ್ಲಹೊಸೂರು ನಿಮಗೆ ಗೊತ್ತು. ಅಲ್ಲಿ 1869ರ ಜೂನ್ 20ರಂದು ಲಕ್ಷ್ಮಣರಾವ್ ಕಿರ್ಲೋಸ್ಕರ ಹುಟ್ಟಿದರು. ಚಿತ್ರಕಲೆ ಕಲಿಯಲು ಮುಂಬಯಿಗೆ ಹೋದರು. ಬಣ್ಣದ ಛಾಯೆಗಳನ್ನು ಗುರುತಿಸಲು ಅವರ ಕಣ್ಣಿಗೆ ಆಗುತ್ತಿರಲಿಲ್ಲ. ಹಾಗೆಂದು ಮನೆಗೆ ಮರಳಲಿಲ್ಲ. ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತರು, ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸಿದರು. ತಮಗೆ ಸಿಗಬೇಕಾದ ಬಡ್ತಿ ಬೇರೆಯವರಿಗೆ ಹೋದಾಗ ನೌಕರಿ ಬಿಟ್ಟು ಬೆಳಗಾವಿಗೆ ಬಂದರು. ಅಣ್ಣ ರಾಮಣ್ಣನವರೊಡನೆ ಸೈಕಲ್ ಮಾರುವ, ದುರಸ್ತಿ ಮಾಡುವ ಅಂಗಡಿ ನಡೆಸಿದರು. ಕಿರ್ಲೋಸ್ಕರ ಮನೆತನ ತನ್ನ ಉದ್ಯಮದ ಹುಟ್ಟನ್ನು 1888ರಿಂದ ಎಣಿಸುತ್ತದೆ. ಬರ್ಥಾ ಬೆಂಝ್ ಗಾಡಿ ನಡೆಸಿದ ವರ್ಷವೂ ಅದೇ.

ಸೈಕಲ್ಲಿನಿಂದ ಅವರ ಲಕ್ಷ್ಯ ಒಕ್ಕಲುತನದ ಕಡೆಗೆ ತಿರುಗಿತು. ಮೇವು ಕತ್ತರಿಸುವ ಯಂತ್ರ ಮಾಡಿದರು. 1903ರ ಸುಮಾರಿಗೆ ಕಬ್ಬಿಣದ ನೇಗಿಲು ಎರಕ ಹೊಯ್ದರು. ಕೊಳ್ಳುವವರೇ ಇಲ್ಲ! "ಕಬ್ಬಿಣ ನೆಲಕ್ಕ ಹೋದರ ಭೂಮಿತಾಯಿಗೆ ವಿಷ ಏರತೈತಿ" ಎಂದು ರೈತರು ಅಂಜಿದರು. ಮೊದಲ ನೇಗಿಲುಗಳು ಮಾರಿ ಹೋಗಲು ಎರಡು ವರ್ಷ ಹಿಡಿಯಿತು. ಕೊನೆಗೆ ನಂಬಿಸಿದ್ದು ನೇಗಿಲೇ. ಮರದ ರಂಟೆಗೆ ಮಣಿಯದ ನೆಲವನ್ನು ಅದು ಆಳಕ್ಕೆ ಹೊರಳಿಸಿ ತೋರಿಸಿತು, ಬೆಳೆ ಎದ್ದು ನಿಂತಿತು. ಒಬ್ಬನ ಹೊಲ ನೋಡಿ ಇನ್ನೊಬ್ಬ ಕೊಂಡ.

ಉದ್ಯಮ ಬೆಳೆಯುವ ಹೊತ್ತಿಗೆ ಬೆಳಗಾವಿಯಲ್ಲಿ ಅವರ ಜಾಗವು ಊರಿನ ವಿಸ್ತರಣೆಗೆ ಬೇಕಾಯಿತು. ಕಾರಖಾನೆ ಎತ್ತಬೇಕಾಯಿತು. ಆಗ ಔಂಧ ಸಂಸ್ಥಾನದ ಬಾಳಾಸಾಹೇಬ ಪಂತ ಪ್ರತಿನಿಧಿಯವರು ಕುಂಡಲ ರೋಡ್ ರೈಲು ನಿಲ್ದಾಣದ ಹತ್ತಿರ ಭೂಮಿ ಕೊಟ್ಟರು, ಹಣದ ನೆರವೂ ಕೊಟ್ಟರು. 1910ರಲ್ಲಿ ಪಾಪಾಸುಕಳ್ಳಿ, ಹಾವುಗಳೇ ತುಂಬಿದ್ದ ಆ ಬಂಜರಿನಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ನೇಗಿಲಿನ ಹಿಂದೆ ಕಬ್ಬಿನ ಗಾಣ, ನೀರಿನ ಪಂಪು ಬಂದವು. ಅವರ ಮಗ ಶಂತನುರಾಯರ ಮುಂದಾಳುತನದಲ್ಲಿ 1946ರಲ್ಲಿ ಪುಣೆಯಲ್ಲಿ ಡೀಸೆಲ್ ಎಂಜಿನ್ನಿನ ಕಾರಖಾನೆ ಸ್ಥಾಪನೆಯಾಯಿತು. ಅದಕ್ಕೆ ಮೊದಲೇ, 1941ರಲ್ಲಿ, ಹರಿಹರದಲ್ಲಿ ಲೇತ್ ಯಂತ್ರಗಳ ಕಾರಖಾನೆ ಬಂದಿತ್ತು. 1951ರಲ್ಲಿ ಬೆಂಗಳೂರಿನಲ್ಲಿ ಮೈಕೋ ಹುಟ್ಟಿ, ಡೀಸೆಲ್ ಎಂಜಿನ್ನಿನ ಎಣ್ಣೆ ಪಂಪು, ನಾಝಲ್‌ಗಳು ನಮ್ಮ ರಾಜ್ಯದಲ್ಲೇ ತಯಾರಾಗತೊಡಗಿದವು. ಅದಕ್ಕೆ ಮುಂಚೆ ಬಹಳಮಟ್ಟಿಗೆ ಲಿಸ್ಟರ್, ರಸ್ಟನ್, ಪೆಟ್ಟರ್ ಎಂದು ಪರದೇಶದ ಎಂಜಿನ್ನುಗಳಿಗೆ ಬಾಯಿ ತೆರೆದು ಕೂಡ್ರಬೇಕಾಗಿತ್ತು. ಲಕ್ಷ್ಮಣರಾಯರು 1956ರಲ್ಲಿ ತೀರಿಕೊಂಡರು. ಅವರ ಕಾರಖಾನೆ ಬಿಟ್ಟುಹೋದ ಬೆಳಗಾವಿಯಲ್ಲಿ ಇಂದು ಉದ್ಯಮಬಾಗದ ಎರಕದ ಮನೆಗಳು ಎಂಜಿನ್ನಿನ ಕ್ರ್ಯಾಂಕ್ ಶಾಫ್ಟುಗಳಿಗೆ ಹೆಸರಾಗಿವೆ.

ಹೀಗೆ ಈ ಯಂತ್ರ ನಮಗೆ ಪರಕೀಯವಲ್ಲ. ಇನ್ನು ಅದರ ಹೊಟ್ಟೆಯೊಳಗೆ ಇಣುಕೋಣ.

ಒಂದು ಗಟ್ಟಿ ಕೊಳವೆ, ಅದರ ಹೆಸರು ಸಿಲಿಂಡರ್. ಒಳಗೆ ಮೇಲೆ ಕೆಳಗೆ ಆಡುವ ಬೆಣೆ, ಪಿಸ್ಟನ್. ಪಿಸ್ಟನ್ನಿಗೆ ಒಂದು ದಂಡ, ದಂಡಕ್ಕೆ ಕ್ರ್ಯಾಂಕು. ಹೊಲಿಗೆ ಯಂತ್ರದಲ್ಲಿ ಕಾಲಿನ ತುಳಿತ ಗಾಲಿಯ ಸುತ್ತಾಗುವಂತೆ ಇಲ್ಲಿ ಪಿಸ್ಟನ್ನಿನ ಏರಿಳಿತ ಸುತ್ತಾಗುತ್ತದೆ. ತಲೆಯಲ್ಲಿ ಎರಡು ಬಾಗಿಲು: ಗಾಳಿ ಬರಲು ಒಂದು, ಹೊಗೆ ಹೋಗಲು ಒಂದು. ಇವೇ ವಾಲ್‌ಗಳು.

ಮೊದಲ ಹೊಡೆತದಲ್ಲಿ ಪಿಸ್ಟನ್ ಕೆಳಗಿಳಿದು, ಕಮ್ಮಾರನ ತಿದಿಯಂತೆ, ಗಾಳಿಯನ್ನು ಎಳೆದುಕೊಳ್ಳುತ್ತದೆ. ಎರಡನೆಯದರಲ್ಲಿ ಎರಡೂ ಬಾಗಿಲು ಮುಚ್ಚಿ ಆ ಗಾಳಿಯನ್ನು ಹದಿನಾರರಲ್ಲಿ ಒಂದು ಪಾಲಿಗೆ ಒತ್ತುತ್ತದೆ. ಗಾಳಿಯ ಕಾವು 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಸರಿಯಾಗಿ ಆ ಕ್ಷಣಕ್ಕೆ ನಾಝಲ್ ಡೀಸೆಲ್ಲನ್ನು ಮಂಜಿನಂತೆ ಸಿಂಪಡಿಸುತ್ತದೆ. ಅದು ಹೊತ್ತಿ ಪಿಸ್ಟನ್ನನ್ನು ಕೆಳಗೆ ನೂಕುತ್ತದೆ. ಇದು ಮೂರನೆಯ ಹೊಡೆತ, ದುಡಿಮೆಯ ಹೊಡೆತ. ನಾಲ್ಕನೆಯದರಲ್ಲಿ ಹೊಗೆ ಹೊರಗೆ. ನಾಲ್ಕರಲ್ಲಿ ದುಡಿಯುವುದು ಒಂದೇ. ಉಳಿದ ಮೂರನ್ನು ಭಾರದ ಗಾಲಿ ತನ್ನ ಓಟದ ಬಲದಿಂದ ಸಾಗಿಸುತ್ತದೆ. ನಿಮಿಷಕ್ಕೆ 1,500 ಸುತ್ತು ತಿರುಗುವ ಎಂಜಿನ್ನಿನಲ್ಲಿ ನಿಮಿಷಕ್ಕೆ 750 ಸಲ ಬೆಂಕಿ ಹತ್ತುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲೂ ಕ್ರಮ ಇದೇ. ಅಲ್ಲಿ ಒತ್ತುವುದು ಕಡಿಮೆ, ಬೆಂಕಿ ಹಚ್ಚುವುದು ಪ್ಲಗ್ಗಿನ ಕಿಡಿ.

ಈಗ ಕಾಕಾನ ಎಂಜಿನ್ನಿನ ಲೆಕ್ಕ ಮಾಡಿ ನೋಡಿರಿ. 5 ಅಶ್ವಶಕ್ತಿಯ ಎಂಜಿನ್ನು ಗಂಟೆಗೆ ಸುಮಾರು ಒಂದು ಲೀಟರ್ ಡೀಸೆಲ್ ಕುಡಿಯುತ್ತದೆ. ಅದೇ ಗಂಟೆಯಲ್ಲಿ ಗಾಳಿ ಎಷ್ಟು ಎಳೆಯುತ್ತದೆ? 20,000 ಲೀಟರಿನಷ್ಟು! ರಾಶಿಯ ದಿನಗಳಲ್ಲಿ, ಎರಿ ಹೊಲದ ಧೂಳಿ ಏಳುವ ಹೊತ್ತಿನಲ್ಲಿ, ಆ ಗಾಳಿಯ ಜತೆ ಎಷ್ಟು ಮಣ್ಣು ಹೋದೀತು? ಒಳಗೆ ಹೋದ ಮಣ್ಣು ಎಣ್ಣೆಯಲ್ಲಿ ಕಲಸಿ ಸಾಣೆಯ ಹಿಟ್ಟಿನಂತೆ ಲೈನರನ್ನು, ರಿಂಗನ್ನು ತಿಕ್ಕುತ್ತದೆ. ಅವು ಸವೆದರೆ ಗಾಳಿ ಸೋರುತ್ತದೆ. ಸೋರಿದರೆ ಒತ್ತಡವಿಲ್ಲ, ಒತ್ತಡವಿಲ್ಲದೆ ಕಾವಿಲ್ಲ, ಕಾವಿಲ್ಲದೆ ಎಣ್ಣೆ ಹತ್ತುವುದಿಲ್ಲ. ಹ್ಯಾಂಡಲ್ ಹೊಡೆದು ಹೊಡೆದು ಬೆವರಿದ್ದು ಇದಕ್ಕೇ. ಅರ್ಧ ಸುಟ್ಟ ಎಣ್ಣೆಯೇ ಕರಿ ಹೊಗೆ. ಗಾಳಿ ಡಬ್ಬಿಯನ್ನು ಬಿಚ್ಚಿ ತೊಳೆದು, ಗೆರೆಯವರೆಗೆ ಹೊಸ ಎಣ್ಣೆ ಹಾಕಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷದ ಬೆಲೆ ಒಂದು ಎತ್ತು.

ಡೀಸೆಲ್ಲಿನದೂ ಹಾಗೆಯೇ. ಎಣ್ಣೆ ಪಂಪಿನ ಒಳಗಿನ ಸಲಾಕೆ ತನ್ನ ಗೂಡಿನಲ್ಲಿ ಕೂಡ್ರುವುದು ತಲೆಗೂದಲಿನ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಸಂದಿನಲ್ಲಿ. ಅಲ್ಲಿಗೆ ಒಂದು ಹನಿ ನೀರು, ಒಂದು ಚಿಟಿಕೆ ಕಸ ಹೋದರೆ ಪಂಪು ಕೆಟ್ಟಿತು. ತೆರೆದ ಡಬ್ಬಿಯಲ್ಲಿ ಎಣ್ಣೆ ತರಬೇಡಿರಿ. ತಂದ ಎಣ್ಣೆಯನ್ನು ಒಂದು ರಾತ್ರಿ ಅಲುಗಿಸದೆ ಇಟ್ಟು, ಮೇಲಿನದನ್ನು ಸೋಸಿ ಹಾಕಿರಿ, ತಳದ್ದನ್ನು ಬಿಡಿರಿ. ಟಾಕಿ ಪೂರ್ತಿ ಬರಿದಾಗಲು ಬಿಟ್ಟರೆ ನಳಿಗೆಯಲ್ಲಿ ಗಾಳಿ ಸೇರಿ ಎಂಜಿನ್ನು ಹತ್ತುವುದಿಲ್ಲ. ಆ ಗಾಳಿಯನ್ನು ಬಿಡಿಸುವ ತಿರುಪು ಎಲ್ಲಿದೆ ಎಂಬುದನ್ನು ಮಿಸ್ತ್ರಿಯಿಂದ ಒಮ್ಮೆ ತೋರಿಸಿಕೊಳ್ಳಿರಿ. ಇಂಗ್ಲಿಷ್ ಬಾರದಿದ್ದರೂ ಬರ್ಥಾಳ ಪಿನ್ನು ನಿಮ್ಮ ಕೈಗೂ ಬರಲಿ!

ಇನ್ನು ಕೀಲೆಣ್ಣೆ. ಚಕ್ಕಡಿಯ ಅಚ್ಚಿಗೆ ಎಣ್ಣೆ ಹಾಕದೆ ಯಾರೂ ಜಾತ್ರೆಗೆ ಹೋಗುವುದಿಲ್ಲ. ಎಲ್ಲಮ್ಮನ ಗುಡ್ಡದ ದಾರಿಯಲ್ಲಿ ಕಿರ್ ಎನ್ನುವ ಗಾಡಿಯವನನ್ನು ಎಲ್ಲರೂ ನಗುತ್ತಾರೆ. ನಿಮಿಷಕ್ಕೆ 1,500 ಸುತ್ತು ಸುತ್ತುವ ಅಚ್ಚಿಗೆ ಎಷ್ಟು ಜೋಪಾನ ಬೇಕು? ದಿನಾಲು ಅಳತೆಯ ಕಡ್ಡಿ ಎಳೆದು ನೋಡಿರಿ. ಎಣ್ಣೆ ಕಪ್ಪಾಗಿ ತೆಳುವಾದರೆ, ಪುಸ್ತಕದಲ್ಲಿ ಹೇಳಿದ ತಾಸುಗಳಾದ ಮೇಲೆ, ಬದಲಿಸಿರಿ. ನೀರಿನ ಮಾತೂ ಅಷ್ಟೇ. ಎಣ್ಣೆಯ ಕಾವಿನಲ್ಲಿ ಮೂರರಲ್ಲೊಂದು ಪಾಲು ದುಡಿಮೆಯಾದರೆ ಉಳಿದದ್ದು ಹೊಗೆಯಲ್ಲಿ, ತಂಪು ಮಾಡುವ ನೀರಿನಲ್ಲಿ ಹೋಗುತ್ತದೆ. ನೀರು ನಿಂತರೆ ಪಿಸ್ಟನ್ ಹಿಗ್ಗಿ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ. ಕಾದ ಎಂಜಿನ್ನಿನ ಮೇಲೆ ಗಾಬರಿಯಿಂದ ತಣ್ಣೀರು ಸುರಿಯಬೇಡಿರಿ. ಕಾದ ಹಂಚಿನ ಮೇಲೆ ನೀರು ಹೊಯ್ದಂತೆ ಸೀಳುತ್ತದೆ.

ಇಂದು ಬಹಳ ಬಾವಿಗಳಿಗೆ ವಿದ್ಯುತ್ ಮೋಟಾರು ಬಂದಿದೆ. ಆದರೆ ಎಂಜಿನ್ನು ಹೋಗಿಲ್ಲ, ಟ್ರ್ಯಾಕ್ಟರಾಗಿ ಅಂಗಳಕ್ಕೇ ಬಂದಿದೆ. ಅದರಲ್ಲಿ ಎಂಜಿನ್ನಿನ ಹಿಂದೆ ಮೂರು ಮುಖ್ಯ ಭಾಗ. ಕ್ಲಚ್ಚು, ಎತ್ತಿನ ನೊಗ ಹೂಡಿ ಬಿಡುವಂತೆ ಎಂಜಿನ್ನನ್ನು ಗಾಲಿಗೆ ಹೂಡುತ್ತದೆ, ಬಿಡುತ್ತದೆ. ಅದರ ಮೇಲೆ ಕಾಲಿಟ್ಟೇ ನಡೆಸಿದರೆ ತಿಕ್ಕಿ ಸುಡುತ್ತದೆ. ಗೇರು, ಏರು ಬಂದಾಗ ವೇಗ ಇಳಿಸಿ ಬಲ ಏರಿಸುತ್ತದೆ. ಬರ್ಥಾಳ ಗಾಡಿ ಏರು ಹತ್ತದಿದ್ದುದು ಅಂಥ ಕೆಳ ಗೇರು ಇಲ್ಲದ್ದಕ್ಕೆ. ಮೂರನೆಯದು ಡಿಫರೆನ್ಷಿಯಲ್. ಕಣದಲ್ಲಿ ಹಂತಿ ಕಟ್ಟಿದಾಗ ಮೇಟಿಯ ಹತ್ತಿರದ ಎತ್ತು ನಿಧಾನ ನಡೆದರೆ ಹೊರಗಿನ ಎತ್ತು ಬಿರುಸಾಗಿ ನಡೆಯಬೇಕಲ್ಲವೇ? ತಿರುವಿನಲ್ಲಿ ಎರಡು ಗಾಲಿಗಳದೂ ಅದೇ ಪಾಡು. ಒಳಗಾಲಿಗೆ ಕಡಿಮೆ, ಹೊರಗಾಲಿಗೆ ಹೆಚ್ಚು ಸುತ್ತು ಹಂಚಿಕೊಡುವ ಹಲ್ಲುಗಾಲಿಗಳ ಕೂಟವೇ ಅದು. ಕೆಸರಿನಲ್ಲಿ ಒಂದು ಗಾಲಿ ಬರಿದೇ ಸುತ್ತಿ ಇನ್ನೊಂದು ನಿಂತುಬಿಡುವುದೂ ಇದರಿಂದಲೇ. ಆಗ ಎರಡೂ ಗಾಲಿಗಳನ್ನು ಕೂಡಿ ಹಿಡಿಯುವ ಲಾಕ್ ಹಾಕಿ ನೇರ ದಾಟಬೇಕು, ದಾಟಿದ ಮೇಲೆ ಬಿಡಬೇಕು. ಅದನ್ನು ಹಾಕಿಕೊಂಡು ತಿರುಗಿಸಬಾರದು.

ರೈತ ಬಂಧುಗಳೇ, ಕಬ್ಬಿಣದಿಂದ ನೆಲಕ್ಕೆ ವಿಷವೇರುತ್ತದೆ ಎಂದು ನಮ್ಮ ಹಿರಿಯರು ಅಂಜಿದರು. ಅವರನ್ನು ನಾವು ನಗುವುದು ಬೇಡ. ಗೊತ್ತಿಲ್ಲದ ವಸ್ತುವಿಗೆ ಅಂಜಿಕೆ ಸಹಜ. ಅವರು ಹೊಲಕ್ಕೆ ಹೋಗಿ ಕಣ್ಣಾರೆ ನೋಡಿದರು, ಅಂಜಿಕೆ ಬಿಟ್ಟರು. ನಮ್ಮ ಕಾಕಾನೂ ಬಿಟ್ಟ. ಆ ಬೇಸಿಗೆಯ ನಂತರ ಅಮಾವಾಸ್ಯೆಗೊಮ್ಮೆ ಎಂಜಿನ್ನಿಗೆ ಪೂಜೆ ಮಾಡುವ ಮುಂಚೆ ಗಾಳಿ ಡಬ್ಬಿ ಬಿಚ್ಚಿ ತೊಳೆಯುವುದನ್ನು ರೂಢಿ ಮಾಡಿಕೊಂಡ. ನಡುವೆ ಧೂಳಿ ಹೆಚ್ಚಾದರೆ ವಾರಕ್ಕೊಮ್ಮೆ ತೊಳೆದ. "ಮೊದಲ ಇದರ ಮೂಗು ತೊಳಿ ತಮ್ಮಾ, ಆಮ್ಯಾಲ ಕುಂಕುಮ ಹಚ್ಚು" ಎನ್ನುತ್ತಿದ್ದ. ಆ ಎಂಜಿನ್ನು ಮತ್ತೆ ಬಹಳ ವರ್ಷ ನೀರೆತ್ತಿತು. ಮಾರಿದ ಎತ್ತಿನ ಜಾಗಕ್ಕೆ ಮೂರನೆಯ ವರ್ಷ ಹೊಸ ಹೋರಿ ಬಂತು.

ನಾಳೆ ಮುಂಜಾನೆ ಹೊಲಕ್ಕೆ ಹೋದಾಗ ನಿಮ್ಮ ಯಂತ್ರದ ಮೂಗನ್ನೂ ಒಮ್ಮೆ ಬಿಚ್ಚಿ ನೋಡಿರಿ.